ತಿಪ್ಪೆಯಿಂದ ಬಾವಿಗೆ: ನೈಟ್ರೇಟ್ ಹೋಗುವ ದಾರಿ

ಹೋದ ಸಂಚಿಕೆಯಲ್ಲಿ ಎಂಟನೇ ತರಗತಿಯವರು ಕೆರೆಯ ಹೂಳಿನ ಬಗ್ಗೆ ಬರೆದಿದ್ದರು. ಈ ಸಲ ನಾನು ಬಾವಿ ನೀರಿನ ವಿಷಯ ಬರೆಯುತ್ತಿದ್ದೇನೆ. ನೀರು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ಕುಡಿದರೆ ಸಿಹಿ. ಆದರೂ ಅದರಲ್ಲಿ ನೈಟ್ರೇಟ್ ಎಂಬ ವಸ್ತು ಕರಗಿರಬಹುದು.

ಇದು ಎಲ್ಲಿಂದ ಬರುತ್ತದೆ? ಹೆಚ್ಚಾಗಿ ನಮ್ಮ ತಿಪ್ಪೆ, ಪಾಯಿಖಾನೆ ಗುಂಡಿ, ಹೊಲಕ್ಕೆ ಹಾಕುವ ಯೂರಿಯಾ, ಇವುಗಳಿಂದಲೇ. ಸಗಣಿ, ಗಂಜಲದಲ್ಲಿ ಸಾರಜನಕ ಇದೆ. ಕೊಳೆಯುವಾಗ ಅದು ಮೊದಲು ಅಮೋನಿಯಾ ಆಗುತ್ತದೆ. (ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಮೂಗಿಗೆ ಹೊಡೆಯುತ್ತದಲ್ಲ, ಅದೇ.) ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಕೊನೆಗೆ ನೈಟ್ರೇಟ್ ಮಾಡುತ್ತವೆ. ರಾಗಿ, ಜೋಳದ ಬೇರುಗಳಿಗೆ ಇದು ಒಳ್ಳೇ ಆಹಾರ.

ಮಣ್ಣು ಅದನ್ನು ಸೋಸಿ ಹಿಡಿದುಕೊಳ್ಳಲ್ವಾ ಅಂತ ನೀವು ಕೇಳಬಹುದು. ಹಿಡಿಯಲ್ಲ. ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅಮೋನಿಯಂ ಧನ, ಆದ್ದರಿಂದ ಅಂಟಿಕೊಳ್ಳುತ್ತದೆ. ನೈಟ್ರೇಟ್ ಋಣ, ಆದ್ದರಿಂದ ಅಂಟುವುದಿಲ್ಲ. ಮಳೆನೀರಿನ ಜೊತೆ ಕೆಳಗೆ ಇಳಿದುಬಿಡುತ್ತದೆ. ಮನೆಯಲ್ಲಿ ಮಾಡಿ ನೋಡಿ: ಕೆಸರು ನೀರನ್ನು ಬಟ್ಟೆ, ಮರಳಿನಲ್ಲಿ ಸೋಸಿದರೆ ತಿಳಿಯಾಗುತ್ತದೆ. ಉಪ್ಪು ನೀರನ್ನು ಎಷ್ಟು ಸಲ ಸೋಸಿದರೂ ಉಪ್ಪು ಹೋಗುವುದಿಲ್ಲ. ನೈಟ್ರೇಟೂ ಹೀಗೇ ಕರಗಿರುತ್ತದೆ.

ದೊಡ್ಡವರಿಗಿಂತ ಎಳೆಗೂಸುಗಳಿಗೆ ಇದರಿಂದ ಅಪಾಯ ಹೆಚ್ಚು, ಅದರಲ್ಲೂ ಆರು ತಿಂಗಳೊಳಗಿನ ಮಕ್ಕಳಿಗೆ. ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟಾಗಿ, ರಕ್ತದ ಹಿಮೋಗ್ಲೋಬಿನ್ನನ್ನು ಬದಲಾಯಿಸುತ್ತದೆ. ಹಾಗೆ ಬದಲಾದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದು. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ಡಾಕ್ಟರ್ ಕಾಮ್ಲಿ ಎಂಬವರು 1945ರಲ್ಲಿ ಇದಕ್ಕೆ ಬಾವಿ ನೀರೇ ಕಾರಣ ಎಂದು ತೋರಿಸಿದರು. ನಮ್ಮ ದೇಶದ ಮಾನಕದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ.

ನಮ್ಮಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಹಾಲು ಸಾಲದೆ ಮಗುವಿಗೆ ಪುಡಿ ಹಾಲು ಕೊಡುತ್ತಾರೆ. ನಮ್ಮ ಬಾವಿಯ ಮಗ್ಗುಲಲ್ಲೇ ತಿಪ್ಪೆ. ನಾನು ಹೇಳಿದ್ದಕ್ಕೆ ಅಜ್ಜಿ, "ಏನ್ ಆಗ್ತದೋ, ಕುದಿಸೇ ಕೊಡ್ತೀವಲ್ಲ" ಅಂದರು. ಕುದಿಸಿದರೆ ರೋಗಾಣು ಸಾಯುವುದು ನಿಜ. ಆದರೆ ನೈಟ್ರೇಟ್ ಆವಿಯಾಗುವುದಿಲ್ಲ. ಲೀಟರಿಗೆ 60 ಮಿಲಿಗ್ರಾಂ ಇರುವ ಒಂದು ಲೀಟರ್ ನೀರು ಕುದ್ದು ಅರ್ಧ ಲೀಟರ್ ಆದರೆ, ಆ 60 ಮಿಲಿಗ್ರಾಂ ಅರ್ಧ ಲೀಟರಿನಲ್ಲೇ ಉಳಿದು, ಲೀಟರಿಗೆ 120ರ ಲೆಕ್ಕ ಆಗುತ್ತದೆ! ಈ ಲೆಕ್ಕ ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ಅಜ್ಜಿ ಸುಮ್ಮನಾದರು. ಈಗ ಮಗುವಿನ ಹಾಲಿಗೆ ಬೇರೆ ಕಡೆಯ, ಪರೀಕ್ಷೆ ಮಾಡಿಸಿದ ನೀರು ತರುತ್ತೇವೆ. ತಾಯಿಯ ಹಾಲಿನಲ್ಲಿ ಈ ಭಯವಿಲ್ಲ.

ತಿಪ್ಪೆಯನ್ನು ಬಾವಿಯಿಂದ ದೂರಕ್ಕೆ, ಇಳಿಜಾರಿನ ಕೆಳಗೆ ಹಾಕಬೇಕು. ಗುಂಡಿಯ ತಳಕ್ಕೆ ಜೇಡಿಮಣ್ಣು ಬಡಿದು, ಮಳೆಗಾಲದಲ್ಲಿ ಮೇಲೆ ಸೋಗೆ ಹೊದಿಸಿದರೆ ಗೊಬ್ಬರದ ಸತ್ವವೂ ಉಳಿಯುತ್ತದೆ. (ನಮ್ಮಪ್ಪ ಒಪ್ಪಿದ್ದು ಈ ಮಾತಿಗೇ, ನೀರಿನ ಮಾತಿಗಲ್ಲ.) ಯೂರಿಯಾವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತಿನಲ್ಲಿ ಕೊಟ್ಟರೆ ಬೆಳೆ ತಿನ್ನುತ್ತದೆ, ಕೆಳಗಿಳಿಯುವುದು ಕಡಿಮೆ. ಬಂಡೆ ಬಿರುಕಿರುವ ಜಾಗದಲ್ಲಿ ಮಾತ್ರ ಹೆಚ್ಚು ಎಚ್ಚರಿಕೆ ಬೇಕು. ಅಲ್ಲಿ ಕೊಳೆ ನೀರು ಬಿರುಕು ಹಿಡಿದು ಬಹಳ ದೂರ ಹೋಗುತ್ತದೆ.

ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಪೆಟ್ಟಿಗೆ ಇದೆ. ಶನಿವಾರ ಬೆಳಿಗ್ಗೆ ತರಗತಿ ಮುಗಿದ ಮೇಲೆ ಪರೀಕ್ಷೆ ಮಾಡುತ್ತೇವೆ. ನಿಮ್ಮ ಬಾವಿ ನೀರು ತರುವವರು ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿ, ಬಾವಿಯಿಂದ ತಿಪ್ಪೆ ಎಷ್ಟು ಹೆಜ್ಜೆ ದೂರ ಎಂದು ಚೀಟಿ ಅಂಟಿಸಿ ತನ್ನಿ.

– ಹತ್ತನೇ ತರಗತಿ