ಅರೆತಲೆನೋವು: ಮೂಲ ಕಾರಣ ಮತ್ತು ಪ್ರಚೋದಕಗಳು

ಅರೆತಲೆನೋವು ಅಥವಾ ಮೈಗ್ರೇನ್ ಎಂಬುದು ಸಾಮಾನ್ಯ ತಲೆನೋವಿನ ತೀವ್ರ ರೂಪವೆಂಬ ಭಾವನೆ ಜನರಲ್ಲಿದೆ. ವಾಸ್ತವವಾಗಿ ಇದು ಮೆದುಳು ಮತ್ತು ನರಮಂಡಲಕ್ಕೆ ಸಂಬಂಧಿಸಿದ ಪ್ರತ್ಯೇಕ ವ್ಯಾಧಿ. ತಲೆಯ ಒಂದು ಪಾರ್ಶ್ವದಲ್ಲಿ, ಕೆಲವೊಮ್ಮೆ ಎರಡೂ ಪಾರ್ಶ್ವಗಳಲ್ಲಿ, ನಾಡಿ ಮಿಡಿದಂತೆ ನೋವು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ವಯಸ್ಕರಲ್ಲಿ ಇದು 4ರಿಂದ 72 ಗಂಟೆಗಳವರೆಗೆ ಇರಬಹುದು. ವಾಕರಿಕೆ, ವಾಂತಿ, ಬೆಳಕು ಮತ್ತು ಶಬ್ದಗಳನ್ನು ಸಹಿಸಲಾಗದಿರುವುದು ಇದರ ಇತರ ಲಕ್ಷಣಗಳು. ಬೆಂಗಳೂರು ನಗರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ನಿಮ್ಹಾನ್ಸ್ ಸಂಸ್ಥೆಯು ಕೈಗೊಂಡು, 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ಸುಮಾರು ನಾಲ್ವರು ವಯಸ್ಕರಲ್ಲಿ ಒಬ್ಬರು ಇದರಿಂದ ಬಳಲುತ್ತಾರೆ.

ಮೂಲ ಕಾರಣ

ಈ ವ್ಯಾಧಿಯ ಒಲವು ಬಹುಮಟ್ಟಿಗೆ ಆನುವಂಶಿಕವಾದುದು. ಇಂಥವರ ಮೆದುಳು ಒಳಗಿನ ಹಾಗೂ ಹೊರಗಿನ ಬದಲಾವಣೆಗಳಿಗೆ ಅತಿಯಾಗಿ ಸ್ಪಂದಿಸುತ್ತದೆ. ಆಗ ತಲೆ ಮತ್ತು ಮುಖದ ಸಂವೇದನೆಗಳನ್ನು ಒಯ್ಯುವ ಟ್ರೈಜೆಮಿನಲ್ ನರವು ಉದ್ರೇಕಗೊಂಡು, ಅದರ ತುದಿಗಳಿಂದ ಸ್ರವಿಸುವ ರಾಸಾಯನಿಕ ವಸ್ತುಗಳು ನೋವನ್ನು ಉಂಟುಮಾಡುತ್ತವೆ. ವಾಂತಿಯಾಗುವುದರಿಂದ ಇದನ್ನು ಪಿತ್ತದ ವಿಕಾರವೆಂದು ಹಲವರು ಭಾವಿಸುತ್ತಾರೆ. ಆದರೆ ವಾಂತಿಯು ಈ ವ್ಯಾಧಿಯ ಲಕ್ಷಣವೇ ಹೊರತು ಕಾರಣವಲ್ಲ.

ಸಾಮಾನ್ಯ ಪ್ರಚೋದಕಗಳು

ನೋವನ್ನು ಎಬ್ಬಿಸುವ ಸಂದರ್ಭಗಳಿಗೆ ಪ್ರಚೋದಕಗಳೆಂದು ಹೆಸರು. ಇವುಗಳಲ್ಲಿ ಮುಖ್ಯವಾದವು:

1. ಉಪವಾಸ, ಹೊತ್ತು ಮೀರಿದ ಊಟ, ಸಾಕಷ್ಟು ನೀರು ಕುಡಿಯದಿರುವುದು.
2. ನಿದ್ರಾಭಂಗ, ರಜಾದಿನಗಳಲ್ಲಿ ಅತಿಯಾದ ನಿದ್ರೆ.
3. ಮಾನಸಿಕ ಒತ್ತಡ, ಒತ್ತಡವು ಥಟ್ಟನೆ ತಗ್ಗುವುದು.
4. ಸ್ತ್ರೀಯರಲ್ಲಿ ಮುಟ್ಟಿಗೆ ಮುನ್ನ ಈಸ್ಟ್ರೋಜನ್ ಹಾರ್ಮೋನಿನ ಇಳಿಕೆ.
5. ಪ್ರಖರ ಬೆಳಕು, ಬಿಸಿಲು, ತೀಕ್ಷ್ಣ ವಾಸನೆ.
6. ಮದ್ಯಪಾನ, ನಿತ್ಯದ ಕಾಫಿಯನ್ನು ಏಕಾಏಕಿ ನಿಲ್ಲಿಸುವುದು.

ತಲೆಗೆ ಸ್ನಾನ ಮಾಡುವುದರಿಂದಲೂ ಕೆಲವರಿಗೆ ನೋವು ಬರುವುದನ್ನು ಮುಂಬಯಿಯ ತಜ್ಞರು 2006ರಲ್ಲಿ ವರದಿ ಮಾಡಿದ್ದಾರೆ.

ಒಂದೇ ಪ್ರಚೋದಕವು ಪ್ರತಿ ಸಲವೂ ನೋವು ತರುವುದಿಲ್ಲ. ಬಿಸಿಲನ್ನು ಸಹಿಸಿಕೊಳ್ಳಬಲ್ಲ ವ್ಯಕ್ತಿಗೆ, ನಿದ್ರೆಗೆಟ್ಟು ಉಪವಾಸವಿದ್ದ ದಿನ ಅದೇ ಬಿಸಿಲು ಅಸಹನೀಯವಾಗಬಹುದು. ಅಂತೆಯೇ, ನೋವಿಗೆ ಒಂದು ದಿನ ಮುಂಚೆಯೇ ಸಿಹಿ ತಿನ್ನುವ ಬಯಕೆ, ಆಕಳಿಕೆ, ಕತ್ತಿನ ಬಿಗಿತ ತೋರುವುದುಂಟು. ಆದುದರಿಂದ ತಿಂದ ಚಾಕೊಲೇಟನ್ನು ಕಾರಣವೆಂದು ಭಾವಿಸಿದರೂ, ಅದರ ಬಯಕೆಯೇ ನೋವಿನ ಪೂರ್ವಸೂಚನೆಯಾಗಿರಬಹುದು.

ಪಾಲಿಸಬೇಕಾದ ಕ್ರಮಗಳು

ನೋವು ಬಂದ ದಿನ, ವೇಳೆ, ಹಿಂದಿನ ದಿನದ ಊಟ, ನಿದ್ರೆ, ಮುಟ್ಟಿನ ದಿನಾಂಕ ಹಾಗೂ ಸೇವಿಸಿದ ಔಷಧಗಳನ್ನು ಎರಡು ಮೂರು ತಿಂಗಳು ಬರೆದಿಟ್ಟಲ್ಲಿ ತಮ್ಮ ಪ್ರಚೋದಕಗಳು ಯಾವುವೆಂದು ತಿಳಿಯುತ್ತದೆ. ಅನುಮಾನ ಮಾತ್ರದಿಂದ ಅನೇಕ ಆಹಾರಗಳನ್ನು ತ್ಯಜಿಸುವುದು ಉಚಿತವಲ್ಲ.

ಅಂಗಡಿಯಿಂದ ತಂದ ನೋವುನಿವಾರಕ ಮಾತ್ರೆಗಳನ್ನು ಮೇಲಿಂದ ಮೇಲೆ ನುಂಗುವುದು ಅಪಾಯಕರ. ಸಾದಾ ಮಾತ್ರೆಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಸಂಯುಕ್ತ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಸೇವಿಸಿದಲ್ಲಿ ಆ ಮಾತ್ರೆಗಳೇ ತಲೆನೋವಿಗೆ ಕಾರಣವಾಗಬಲ್ಲವು. ಪದೇ ಪದೇ ನೋವು ಬರುವವರಿಗೆ ಅದನ್ನು ತಡೆಗಟ್ಟುವ ಔಷಧಗಳು ಲಭ್ಯವಿದ್ದು, ಅವನ್ನು ವೈದ್ಯರ ಸಲಹೆಯಂತೆ ಮಾತ್ರ ಸೇವಿಸತಕ್ಕದ್ದು.

ಹಠಾತ್ತನೆ ಎರಗುವ ಅತಿ ತೀವ್ರ ನೋವು, ಜ್ವರದೊಡನೆ ಕತ್ತಿನ ಬಿಗಿತ, ಕೈಕಾಲುಗಳ ದೌರ್ಬಲ್ಯ, ಮಾತಿನ ತೊದಲು, ತಲೆಗೆ ಪೆಟ್ಟು ಬಿದ್ದ ನಂತರದ ನೋವು — ಇವು ಕಂಡುಬಂದಲ್ಲಿ ಮೈಗ್ರೇನ್ ಎಂದು ಸುಮ್ಮನಿರದೆ ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 50 ವರ್ಷದ ನಂತರ ಮೊದಲ ಬಾರಿಗೆ ಕಾಣಿಸಿಕೊಂಡ ತಲೆನೋವನ್ನೂ ವಿಳಂಬವಿಲ್ಲದೆ ವೈದ್ಯರಿಗೆ ತೋರಿಸತಕ್ಕದ್ದು.