ಮುಂಬಯಿ ಚಲನಚಿತ್ರರಂಗದ ಕನ್ನಡನಾಡಿನವರು: ಜೀವನಚರಿತ್ರೆಯ ದೃಷ್ಟಿಯಿಂದ ಒಂದು ವಿವೇಚನೆ

1

ಆಧುನಿಕ ಕನ್ನಡದಲ್ಲಿ ಜೀವನಚರಿತ್ರೆ ಸಮೃದ್ಧವಾಗಿ ಬೆಳೆದ ಪ್ರಕಾರ. ಕವಿಗಳು, ಸಂತರು, ರಾಷ್ಟ್ರನಾಯಕರು, ಸಂಗೀತಗಾರರು ಮೊದಲಾದವರ ಬದುಕುಗಳು ಗ್ರಂಥರೂಪದಲ್ಲಿ ಹೇರಳವಾಗಿ ದೊರೆಯುತ್ತವೆ. ಆದರೆ ಕನ್ನಡನಾಡಿನಲ್ಲಿ ಹುಟ್ಟಿ ಮುಂಬಯಿಯ ಚಲನಚಿತ್ರರಂಗದಲ್ಲಿ ದುಡಿದು ಗತಿಸಿದವರು ಈ ಪ್ರಕಾರದ ಅಂಚಿನಲ್ಲೇ ಉಳಿದಿದ್ದಾರೆ. ಅವರ ಕೆಲಸದ ಭಾಷೆ ಹಿಂದಿ ಇಲ್ಲವೆ ಮರಾಠಿಯಾಗಿದ್ದುದರಿಂದ ಕನ್ನಡದ ಇತಿಹಾಸದಲ್ಲಿ ಅವರಿಗೆ ಸ್ಥಳ ಕಿರಿದು. ಹಿಂದಿ ಚಿತ್ರರಂಗದ ಇತಿಹಾಸದಲ್ಲಿ ಅವರ ಹುಟ್ಟೂರಿಗೆ ಸ್ಥಳ ಕಿರಿದು. ಹೀಗೆ ಎರಡೂ ಕಡೆ ಅರ್ಧಮರ್ಧವಾಗಿ ಉಳಿದ ಐವರ ಬದುಕು ಯಾವ ಭಾಷೆಯಲ್ಲಿ, ಯಾರ ಕೈಯಲ್ಲಿ ಬರಹವಾಯಿತು, ಅದರಿಂದ ಆ ಬದುಕಿನ ಯಾವ ಮುಖ ಉಳಿಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಒಂದು ಚಾರಿತ್ರಿಕ ಹಿನ್ನೆಲೆಯುಂಟು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಜನರಿಗೆ ಮುಂಬಯಿ ಪರನಾಡಲ್ಲ, ತಮ್ಮ ಪ್ರಾಂತದ ರಾಜಧಾನಿ. ನಾಟಕ ಕಂಪನಿಗಳೂ ಹಾಡುಗಾರರೂ ಕನ್ನಡ-ಮರಾಠಿ ಸೀಮೆಗಳ ನಡುವೆ ಸಲೀಸಾಗಿ ಓಡಾಡುತ್ತಿದ್ದರು. ಆದುದರಿಂದ ಈ ಕಲಾವಿದರನ್ನು 'ವಲಸೆ ಹೋದವರು' ಎಂಬ ಒಂದೇ ಮಾತಿನಲ್ಲಿ ವಿವರಿಸುವುದು ಸರಿಯಾಗದು.

2

ಮೊದಲಿಗೆ, ತಮ್ಮ ಕಥೆಯನ್ನು ತಾವೇ ಹೇಳಿದ ಇಬ್ಬರು. ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನೀಸ್ ಪದವೀಧರೆಯಾಗಿ ಮರಾಠಿ ರಂಗಭೂಮಿಯ ಮೂಲಕ ಚಿತ್ರರಂಗಕ್ಕೆ ಬಂದರು. ಮುಂಬಯಿಯ ಮಲಾಡ್‌ನಲ್ಲಿದ್ದ ಬಾಂಬೆ ಟಾಕೀಸ್ ಸಂಸ್ಥೆಯ 'ಕಂಗನ್' (1939), 'ಬಂಧನ್' (1940), 'ಝೂಲಾ' (1941) ಚಿತ್ರಗಳಲ್ಲಿ ಅಶೋಕಕುಮಾರರ ಎದುರು ನಾಯಕಿಯಾದರು. ಮುಂದೆ 'ಆವಾರಾ'ದಂಥ ಚಿತ್ರಗಳಲ್ಲಿ ತಾಯಿಯ ಪಾತ್ರಕ್ಕೆ ಮಾದರಿಯಾದರು. 1981ರಲ್ಲಿ ಮರಾಠಿಯಲ್ಲಿ 'ಚಂದೇರಿ ದುನಿಯೇತ' ಎಂಬ ಆತ್ಮಕಥೆಯನ್ನು ಬರೆದ ಅವರು 2003ರಲ್ಲಿ ಅಮೆರಿಕದಲ್ಲಿ ನಿಧನರಾದರು.

ಹುಬ್ಬಳ್ಳಿಯ ಸಮೀಪದ ಅದರಗುಂಚಿಯ ಶಾಂತಾ ಹುಬಳೀಕರ ಅವರ ಬದುಕು ಇದಕ್ಕಿಂತ ಕಠಿಣವಾದುದು. ಪುಣೆಯ ಪ್ರಭಾತ್ ಕಂಪನಿಯ 'ಮಾಣೂಸ್' (1939) ಚಿತ್ರದ ಮೈನಾ ಪಾತ್ರದಿಂದ ಮನೆಮಾತಾದ ಅವರು 1942ರಲ್ಲಿ 'ಜೀವನ ನಾಟಕ' ಎಂಬ ಕನ್ನಡ ಚಿತ್ರದಲ್ಲಿಯೂ ಅಭಿನಯಿಸಿದರು. ಮುಪ್ಪಿನಲ್ಲಿ ಆಶ್ರಮವಾಸಿಯಾದ ಅವರು 1992ರಲ್ಲಿ ಗತಿಸಿದರು. 'ನಾಳಿನ ಮಾತೇಕೆ' ಎಂಬರ್ಥ ಕೊಡುವ 'ಕಶಾಲಾ ಉದ್ಯಾಚಿ ಬಾತ' ಅವರ ಮರಾಠಿ ಆತ್ಮಕಥೆ. ಚಿತ್ರದಲ್ಲಿ ತಾವು ಹಾಡಿದ ಗೀತೆಯ ಮಾತನ್ನೇ ಅವರು ಶೀರ್ಷಿಕೆಯಾಗಿಸಿದ್ದಾರೆ. ನಾಳಿನ ಚಿಂತೆ ಬೇಡವೆಂದು ತೆರೆಯ ಮೇಲೆ ಹಾಡಿದ ನಟಿ, ಆ ನಾಳೆ ತನ್ನ ಪಾಲಿಗೆ ಏನಾಯಿತೆಂಬುದನ್ನು ಅದೇ ಶೀರ್ಷಿಕೆಯಡಿ ನಿರೂಪಿಸಿದ್ದು ಆತ್ಮಕಥಾ ಸಾಹಿತ್ಯದಲ್ಲಿ ಅಪರೂಪದ ವ್ಯಂಗ್ಯ. ಹೆಸರಿನಲ್ಲಿ ಹುಬ್ಬಳ್ಳಿಯನ್ನು ಹೊತ್ತವರ ಬದುಕು ಮರಾಠಿಯಲ್ಲಿ ಬರಹವಾಯಿತೆಂಬುದೂ ಗಮನಾರ್ಹ. ಓದುಗರು ಎಲ್ಲಿದ್ದರೋ ಕಥನ ಅಲ್ಲಿಗೆ ಹೋಯಿತು.

3

ತಮ್ಮ ಕಥೆಯನ್ನು ಬರೆಯದೆ ಹೋದವರು ಅಮೀರ್‌ಬಾಯಿ ಕರ್ನಾಟಕಿ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ, ರಂಗಭೂಮಿಯ ನಂಟುಳ್ಳ ಮನೆತನದಲ್ಲಿ ಹುಟ್ಟಿದ ಇವರು ಮುಂಬಯಿಯಲ್ಲಿ ನಟಿಯಾಗಿಯೂ ಗಾಯಕಿಯಾಗಿಯೂ ಪ್ರಸಿದ್ಧರಾದರು. ಬಾಂಬೆ ಟಾಕೀಸಿನ 'ಕಿಸ್ಮತ್' (1943) ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಅನಿಲ್ ಬಿಸ್ವಾಸರ ಸಂಯೋಜನೆಯಲ್ಲಿ ಅಮೀರ್‌ಬಾಯಿ ಹಾಡಿದ ಗೀತೆಗಳು ಆ ಯಶಸ್ಸಿನ ಒಂದು ಕಾರಣ. 1948ರ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿ. ಆ ಕಾಲದಲ್ಲಿ ಈ ಕ್ಷೇತ್ರಕ್ಕೆ ಬಂದ ಹೆಂಗಸರು ಬೆರಳೆಣಿಕೆಯವರೆಂಬುದನ್ನು ನೆನೆದರೆ ಈ ಸಾಧನೆಯ ತೂಕ ತಿಳಿಯುತ್ತದೆ. 1949ರ ತರುವಾಯ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ಶ್ರುತಿಯ ಕಂಠ ಹಿನ್ನೆಲೆ ಗಾಯನದ ಪ್ರಮಾಣವಾಯಿತು. ರಂಗಭೂಮಿಯ ಸಂಸ್ಕಾರವುಳ್ಳ ತುಂಬುಕಂಠಗಳಿಗೆ ಅವಕಾಶ ಕಡಿಮೆಯಾಯಿತು. ಅಮೀರ್‌ಬಾಯಿ 1965ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು.

ಇವರ ಸೋದರಿ ಗೋಹರ್‌ಬಾಯಿ ಬಾಲಗಂಧರ್ವರ ಸಂಗಾತಿಯಾಗಿದ್ದುದರಿಂದ ಮರಾಠಿ ರಂಗಭೂಮಿಯ ಬರಹಗಳಲ್ಲಿ ಬಹುಮಟ್ಟಿಗೆ ಆ ಮಹಾನಟರ ಕಥೆಯ ಉಪಪಾತ್ರವಾಗಿ ಬರುತ್ತಾರೆ. ಅಕ್ಕತಂಗಿಯರಿಬ್ಬರೂ ತಮ್ಮ ಮಾತನ್ನು ಬರಹದಲ್ಲಿ ಬಿಟ್ಟುಹೋಗಲಿಲ್ಲ. ಉಳಿದದ್ದು ಧ್ವನಿಮುದ್ರಿಕೆಗಳು, ಚಿತ್ರಗಳು, ಬಂಧುಗಳ ನೆನಪು. ಆ ಕಾಲದ ಹಲವು ಧ್ವನಿಮುದ್ರಿಕೆಗಳ ಮೇಲೆ ಗಾಯಕಿಯ ಬದಲು ಪಾತ್ರದ ಹೆಸರನ್ನೇ ಅಚ್ಚುಹಾಕುವ ರೂಢಿಯೂ ಇತ್ತು. ಇಂಥ ಸಂದರ್ಭದಲ್ಲಿ ಜೀವನಚರಿತ್ರೆಕಾರನು ಶಾಸನ ಸಂಶೋಧಕನಂತೆ ಚೂರುಗಳಿಂದ ಪಾಠವನ್ನು ಕಟ್ಟಬೇಕಾಗುತ್ತದೆ. ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಅಮೀರ್‌ಬಾಯಿಯವರ ಬದುಕನ್ನು ಗ್ರಂಥವಾಗಿಸಿದ್ದರ ಮಹತ್ವವಿರುವುದು ಇಲ್ಲಿ. 'ಕರ್ನಾಟಕಿ' ಎಂಬ ಹೆಸರು ಊರಿಗೆ ಮರಳಲು ಒಬ್ಬ ಸಂಶೋಧಕ ಬೇಕಾಯಿತು. ಅದೂ ಅವರು ಗತಿಸಿ ದಶಕಗಳು ಸಂದ ಮೇಲೆ.

4

ಊರಿನ ಹೆಸರನ್ನು ಬಿಟ್ಟವರು ಗುರುದತ್ತರು. 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಜನಿಸಿದ ಅವರ ಮನೆತನದ ಹೆಸರು ಪಡುಕೋಣೆ, ಮನೆಮಾತು ಕೊಂಕಣಿ. ಓದಿದ್ದು ಕಲಕತ್ತೆಯಲ್ಲಿ, ನೃತ್ಯ ಕಲಿತದ್ದು ಅಲ್ಮೋರದಲ್ಲಿ ಉದಯಶಂಕರರ ಕೇಂದ್ರದಲ್ಲಿ, ಚಿತ್ರೋದ್ಯೋಗಕ್ಕೆ ಸೇರಿದ್ದು ಪುಣೆಯ ಪ್ರಭಾತ್‌ನಲ್ಲಿ. 'ಪಡುಕೋಣೆ' ಕಳಚಿದ ಬಳಿಕ ಅವರನ್ನು ಬಂಗಾಳಿಯೆಂದು ತಿಳಿದವರು ಅನೇಕರು. ಆದರೆ ಅವರ ಬದುಕಿನ ಒಂದು ಮುಖ್ಯ ಆಕರ ಇರುವುದು ಕನ್ನಡದಲ್ಲಿ. ಶಿಕ್ಷಕಿಯೂ ಬಂಗಾಳಿ ಕಾದಂಬರಿಗಳ ಕನ್ನಡ ಅನುವಾದಕಿಯೂ ಆಗಿದ್ದ ತಾಯಿ ವಾಸಂತಿ ಪಡುಕೋಣೆ ಅವರು ಬರೆದ 'ನನ್ನ ಮಗ ಗುರುದತ್ತ' ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಮಗ ಗತಿಸಿದ ಮೇಲೆ ತಾಯಿ ಬರೆದ ಚರಿತ್ರೆ ಇದು. ಜೀವನಚರಿತ್ರೆಯ ಸಹಜ ಕ್ರಮವೇ ಇಲ್ಲಿ ತಲೆಕೆಳಗಾಗಿದೆ.

ಇಂಥ ಆಕರವನ್ನು ಬಳಸುವಲ್ಲಿ ಎಚ್ಚರವೂ ಅಗತ್ಯ. ಬಾಲಕ ಗುರುದತ್ತ ಅಜ್ಜಿ ಹಚ್ಚಿದ ಸಂಜೆದೀಪದೆದುರು ಬೆರಳುಗಳಿಂದ ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಮೂಡಿಸುತ್ತಿದ್ದನೆಂಬ ಸಂಗತಿ ಅವರ ಜೀವನವೃತ್ತಾಂತಗಳಲ್ಲಿ ಪದೇಪದೇ ಬರುತ್ತದೆ. ಅದು ನಿಜವಿರಬಹುದು. ಆದರೆ ಅಂಥ ಆಟವಾಡಿದ ಮಕ್ಕಳು ಅಸಂಖ್ಯಾತರು. ನೆರಳು-ಬೆಳಕಿನ ಚಿತ್ರಗಳನ್ನು ಕಂಡವರ ಕಣ್ಣಿಗಷ್ಟೇ ಈ ಆಟ ಶಕುನವಾಗಿ ತೋರುತ್ತದೆ.

ಇದಕ್ಕಿಂತ ಪ್ರಬಲವಾದ ಐತಿಹ್ಯವೆಂದರೆ 'ಕಾಗಜ್ ಕೆ ಫೂಲ್' (1959) ಚಿತ್ರದ ಸೋಲೇ ಅವರ ಸಾವಿಗೆ ಕಾರಣವೆಂಬುದು. ನಿರ್ದೇಶಕನೊಬ್ಬನ ಪತನದ ಕಥೆಯುಳ್ಳ ಆ ಚಿತ್ರವನ್ನು ಭವಿಷ್ಯವಾಣಿಯೆಂಬಂತೆ ಓದುವುದು ವಾಡಿಕೆ. ಚಿತ್ರ ಸೋತದ್ದೂ, ಆಮೇಲೆ ಅವರು ನಿರ್ದೇಶಕರೆಂದು ತಮ್ಮ ಹೆಸರು ಹಾಕದಿದ್ದುದೂ ನಿಜ. ಆದರೆ ಸಾವು ಸಂಭವಿಸಿದ್ದು 1964ರ ಅಕ್ಟೋಬರ್ 10ರಂದು. ನಡುವಣ ಐದು ವರ್ಷಗಳಲ್ಲಿ ಅವರ ಸಂಸ್ಥೆ ಗಳಿಕೆಯಲ್ಲಿ ಗೆದ್ದ 'ಚೌದವೀ ಕಾ ಚಾಂದ್' (1960), ಮನ್ನಣೆ ಪಡೆದ 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರಗಳನ್ನು ನಿರ್ಮಿಸಿತು. ಅವರು ಬೇರೆಯವರ ಚಿತ್ರಗಳಲ್ಲಿಯೂ ಅಭಿನಯಿಸಿದರು. ಐತಿಹ್ಯ ಈ ಐದು ವರ್ಷಗಳ ದುಡಿಮೆಯನ್ನು ಅಳಿಸಿಹಾಕುತ್ತದೆ. ಸಾವಿನಿಂದ ಹಿಂದಕ್ಕೆ ಬದುಕನ್ನು ಓದುವ ಕ್ರಮ ಮೃತರಿಗೆ ನ್ಯಾಯ ಸಲ್ಲಿಸುವುದಿಲ್ಲ.

5

ಅದೇ ಚಿತ್ರವನ್ನು ಕ್ಯಾಮೆರಾದ ಹಿಂದಿನಿಂದ ಕಂಡವರು ವಿ. ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ಬಂದರು. 'ಬಾಜಿ'ಯಲ್ಲಿ (1951) ಸಹಾಯಕರಾಗಿದ್ದಾಗ ಅವರ ಸೂಕ್ಷ್ಮವನ್ನು ಗುರುತಿಸಿದ ಗುರುದತ್ತರು 'ಜಾಲ್'ನಿಂದ ಮೊದಲ್ಗೊಂಡು ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಬರಿದಾದ ಸ್ಟುಡಿಯೋದ ಕತ್ತಲನ್ನು ಸೀಳಿ ಇಳಿಯುವ ಬೆಳಕಿನ ಕಂಬವನ್ನು ಮೂರ್ತಿಯವರು ದೊಡ್ಡ ಕನ್ನಡಿಗಳ ನೆರವಿನಿಂದ ಸಾಧಿಸಿದರು: ಹೊರಗಿನ ಬಿಸಿಲನ್ನು ಒಂದು ಕನ್ನಡಿ ಒಳಕ್ಕೆ ತಿರುಗಿಸಿತು, ಮೇಲಿನ ಮತ್ತೊಂದು ಅದನ್ನು ನೆಲಕ್ಕೆ ಇಳಿಸಿತು, ಹೊಗೆ ಅದಕ್ಕೆ ಮೈಕೊಟ್ಟಿತು. ಚಿತ್ರ ಸೋತರೂ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು.

ಗುರುದತ್ತರ ಮರಣದ ಅನಂತರವೂ ಮೂರ್ತಿಯವರ ವೃತ್ತಿ ದಶಕಗಳ ಕಾಲ ಸಾಗಿತು. ದೂರದರ್ಶನಕ್ಕಾಗಿ ಶ್ಯಾಮ್ ಬೆನಗಲ್ ನಿರ್ದೇಶಿಸಿದ 'ಭಾರತ್ ಏಕ್ ಖೋಜ್' (1988), ಕನ್ನಡದ 'ಹೂವು ಹಣ್ಣು' (1993) ಅದಕ್ಕೆ ಸಾಕ್ಷಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದಾಗ ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರಾದರು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಜೀವಿತಕಾಲದಲ್ಲಿಯೇ ಉಮಾ ರಾವ್ ಅವರು 'ಬಿಸಿಲು ಕೋಲು' ಎಂಬ ಕೃತಿಯಲ್ಲಿ ಈ ಬದುಕನ್ನು ಕನ್ನಡಕ್ಕೆ ತಂದದ್ದು ಸುದೈವ. ಶೀರ್ಷಿಕೆಯಾಗಿ ನಿಂತಿರುವುದು ಒಂದು ಅಚ್ಚಗನ್ನಡ ನುಡಿ. ಕಸುಬಿನ ಅನುಭವ ತಾಯ್ನುಡಿಗೆ ಬಂದಾಗ ಪಾರಿಭಾಷಿಕ ಪದಕ್ಕೂ ಮನೆಯ ಮಾತು ಸಿಗುತ್ತದೆಂಬುದಕ್ಕೆ ಇದು ನಿದರ್ಶನ.

6

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಕಲಾವಿದರ ಕೆಲಸದ ಭಾಷೆಯನ್ನಷ್ಟೇ ನೋಡಿ ಅವರನ್ನು ಕನ್ನಡದ ಅಧ್ಯಯನದಿಂದ ಹೊರಗಿಡುವುದು ಸಾಧುವಲ್ಲ. ಎರಡು, ತಾನೇ ಬರೆದದ್ದು, ತಾಯಿ ಬರೆದದ್ದು, ಕೇಳಿ ಬರೆದದ್ದು, ಹುಡುಕಿ ಬರೆದದ್ದು ಈ ನಾಲ್ಕು ಬಗೆಯ ಬರಹಗಳ ಪ್ರಾಮಾಣ್ಯ ಒಂದೇ ತೆರನಾದುದಲ್ಲ. ಮೂರು, ಕೇಳಿ ಬರೆಯುವುದಕ್ಕೆ ಕಾಲಮಿತಿಯಿದೆ. ಕರಾವಳಿಯಿಂದ ಬಂದು ಹೊಡೆದಾಟದ ನಿರ್ದೇಶಕರಾಗಿ ಹೆಸರಾದ ಎಂ. ಬಿ. ಶೆಟ್ಟಿ 1982ರಲ್ಲಿ ತೀರಿಕೊಂಡರು. ಪ್ರೇಕ್ಷಕರಿಗೆ ಅವರ ಬೋಳುತಲೆಯ ಖಳಪಾತ್ರಗಳು ನೆನಪಿವೆಯೇ ಹೊರತು ಕಸುಬಿನ ವಿವರಗಳಲ್ಲ. ಬೆಳಕು ಹಿಡಿದವರು, ಬಣ್ಣ ಹಚ್ಚಿದವರು, ಶಬ್ದ ಜೋಡಿಸಿದವರು ಅಂಧೇರಿ, ಗೋರೆಗಾಂವ್, ಮಲಾಡ್‌ಗಳ ಮನೆಗಳಲ್ಲಿ ಮುಪ್ಪಾಗುತ್ತಿದ್ದಾರೆ. ಅವರ ಮಾತನ್ನು ದಾಖಲಿಸುವ ಕೆಲಸಕ್ಕೆ ಮುಂಬಯಿಯಲ್ಲಿರುವ ಕನ್ನಡ ವಿದ್ಯಾರ್ಥಿಗಳಿಗಿಂತ ಹತ್ತಿರದವರು ಯಾರೂ ಇಲ್ಲ. ಬದುಕಿರುವಾಗ ಒಂದು ಮಧ್ಯಾಹ್ನ ಕುಳಿತು ಕೇಳಿದರೆ ದೊರೆಯುವುದನ್ನು ಮುಂದೆ ವರ್ಷಗಟ್ಟಲೆ ಹುಡುಕಬೇಕಾಗುತ್ತದೆಂಬುದಕ್ಕೆ ಅಮೀರ್‌ಬಾಯಿಯವರ ನಿದರ್ಶನವೇ ಸಾಕು.