ಬಳುಕುವ ನಿಬ್ಬೂ ಅದಕ್ಕೊಪ್ಪುವ ಮಸಿಯೂ

ಬರವಣಿಗೆಯ ಸೊಗಸನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಬರೆದ ಕೈಯನ್ನು ಹೊಗಳುತ್ತಾರೆ, ಇಲ್ಲವೆ ಲೇಖನಿಯನ್ನು ಹೊಗಳುತ್ತಾರೆ. ಮಸಿಯ ಹೆಸರೆತ್ತುವವರು ವಿರಳ. ಮಸಿಯು ತಕ್ಕುದಾಗಿರದಿದ್ದರೆ ಪಳಗಿದ ಕೈಯೂ ಬೆಲೆಬಾಳುವ ಲೇಖನಿಯೂ ನಿಷ್ಪ್ರಯೋಜಕವಾಗುವುದನ್ನು ಬಳುಕುವ ನಿಬ್ಬಿನಿಂದ ಬರೆದು ನೋಡಿದವರೆಲ್ಲ ಬಲ್ಲರು. ಪ್ರಶಸ್ತಿಪತ್ರದ ಮೇಲೆ ವಿದ್ಯಾರ್ಥಿಯ ಹೆಸರನ್ನೂ, ದಾಸೋಹದ ಪುಸ್ತಕದಲ್ಲಿ ದಾನಿಗಳ ಹೆಸರನ್ನೂ ಇಂದಿಗೂ ಕೈಯಿಂದಲೇ ಬರೆಯುವ ಸಂಸ್ಥೆಗಳಲ್ಲಿ ಇದು ಕೇವಲ ಹವ್ಯಾಸದ ವಿಷಯವಲ್ಲ. ಬರೆದ ಹೆಸರು ಇಂದು ಚೆಲುವಾಗಿ ಕಾಣಬೇಕು. ಐವತ್ತು ವರ್ಷಗಳ ತರುವಾಯ ಓದಲೂ ಬರಬೇಕು. ಈ ಎರಡನ್ನೂ ಸಾಧಿಸಬಲ್ಲ ಮಸಿ ಯಾವುದೆಂಬುದೇ ಈ ಲೇಖನದ ವಿಚಾರ.

ಬಳುಕುವ ನಿಬ್ಬು ಎಂದರೇನು? ನಿಬ್ಬಿನ ನಡುವೆ ಒಂದು ಸೀಳು ಇರುವುದಷ್ಟೆ. ಆ ಸೀಳಿನ ಇಕ್ಕೆಲದಲ್ಲಿರುವ ಎರಡು ಎಸಳುಗಳು ಒತ್ತಿದಾಗ ಅಗಲಿ, ಬಿಟ್ಟಾಗ ಮರಳಿ ಕೂಡಿಕೊಳ್ಳುವಂತಿದ್ದರೆ ಅದು ಬಳುಕುವ ನಿಬ್ಬು. ಕೆಳಗಿಳಿಯುವ ಗೆರೆಯಲ್ಲಿ ಒತ್ತಿದರೆ ಗೆರೆ ಕೊಬ್ಬುತ್ತದೆ; ಮೇಲೇರುವಾಗ ಕೈಯನ್ನು ಹಗುರಮಾಡಿದರೆ ಕೂದಲೆಳೆಯಷ್ಟು ತೆಳುವಾಗುತ್ತದೆ. ಹೆಬ್ಬಾತಿನ ಗರಿಯ ಲೇಖನಿಯಿಂದ ಹುಟ್ಟಿದ ಈ ಬಗೆಯ ಬರಹವು ಆಂಗ್ಲದೇಶದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಉಚ್ಛ್ರಾಯಕ್ಕೆ ಬಂದಿತು. ಜಾರ್ಜ್ ಬಿಕ್‌ಹ್ಯಾಮನು 1733ರಿಂದ 1741ರವರೆಗೆ ಕಂತುಗಳಲ್ಲಿ ಹೊರತಂದ ‘ಯೂನಿವರ್ಸಲ್ ಪೆನ್‌ಮನ್’ ಎಂಬ ಗ್ರಂಥದ ತಾಮ್ರಫಲಕಗಳಲ್ಲಿ ಅದರ ಮಾದರಿಗಳನ್ನು ಕಾಣಬಹುದು. ಅಮೆರಿಕೆಯಲ್ಲಿ ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರನು (1800–1864) ಅದನ್ನೇ ತುಸು ಹಗುರಗೊಳಿಸಿ ತನ್ನ ಹೆಸರಿನ ಶೈಲಿಯೊಂದನ್ನು ರೂಢಿಗೆ ತಂದನು. ಗರಿಯ ಸ್ಥಾನಕ್ಕೆ ಬರ್ಮಿಂಗ್‌ಹ್ಯಾಮಿನ ಉಕ್ಕಿನ ನಿಬ್ಬು ಬಂದಿತು. 1884ರಲ್ಲಿ ಲೂಯಿಸ್ ವಾಟರ್‌ಮನ್ನನು ಮಸಿಯನ್ನು ಒಡಲಲ್ಲಿಯೇ ಇರಿಸಿಕೊಳ್ಳುವ ಲೇಖನಿಗೆ ಹಕ್ಕುಪತ್ರ ಪಡೆದ ತರುವಾಯ ಚಿನ್ನದ ನಿಬ್ಬು ಬಂದಿತು. ಮುಂದೆ ಕಾರ್ಬನ್ ಪ್ರತಿಗಳ ಕಾಲದಲ್ಲಿ ಬಿಗಿಯಾದ ನಿಬ್ಬೇ ಬೇಕಾಯಿತು. ಅನಂತರ ಬಾಲ್‌ಪೆನ್ನು ಬಂದು ನಿಬ್ಬನ್ನೇ ಮೂಲೆಗೆ ಸರಿಸಿತು. ಆದರೂ ಬಳುಕುವ ನಿಬ್ಬು ಅಳಿದುಹೋಗಲಿಲ್ಲ. ಜಪಾನಿನ ಪೈಲಟ್ ಸಂಸ್ಥೆಯ ಕೆಲವು ಚಿನ್ನದ ನಿಬ್ಬುಗಳು, ಅದೇ ದೇಶದ ಚಿತ್ರಕಥೆಗಾರರು ಬಳಸುವ ‘ಜಿ’ ಎಂಬ ಉಕ್ಕಿನ ಅದ್ದುನಿಬ್ಬು ಇಂದಿಗೂ ದೊರೆಯುತ್ತವೆ.

ಇನ್ನು ಮಸಿಯ ಪಾಡನ್ನು ನೋಡೋಣ. ಸೀಳಿನಲ್ಲಿ ಮಸಿಯು ಇಳಿಯುವುದು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ನಿಯಮದಿಂದಲೇ. ಎಸಳುಗಳು ಅಗಲಿದಾಗ ಅವುಗಳ ನಡುವೆ ಮಸಿಯ ತೆಳುಪೊರೆಯೊಂದು ಸೇತುವೆಯಂತೆ ನಿಂತಿರಬೇಕು. ಪೊರೆ ಹರಿಯಿತೆಂದರೆ ಎರಡು ಎಸಳುಗಳೂ ತಮ್ಮ ತಮ್ಮ ಗೆರೆಯನ್ನು ಎಳೆದು, ನಡುವೆ ಬಿಳಿಯ ಹಾದಿ ಉಳಿಯುತ್ತದೆ. ರೈಲಿನ ಹಳಿಗಳಂತೆ ತೋರುವ ಈ ದೋಷಕ್ಕೆ ಆಂಗ್ಲರೂ ರೈಲಿನ ಹೆಸರನ್ನೇ ಇಟ್ಟಿದ್ದಾರೆ. ಆದುದರಿಂದ ಮಸಿಯು ಸರಾಗವಾಗಿ ಹರಿಯತಕ್ಕದ್ದು. ಆದರೆ ಹರಿವು ಮಿತಿಮೀರಿದರೆ ಕೂದಲೆಳೆಯ ಗೆರೆಯೂ ಊದಿಕೊಂಡು, ದಪ್ಪ-ತೆಳುವಿನ ಅಂತರವೇ ಅಳಿಯುತ್ತದೆ. ಆಗ ಬಳುಕುವ ನಿಬ್ಬಿನಿಂದ ಬರೆದ ಪ್ರಯೋಜನವೇನು? ಜರ್ಮನಿಯ ಪೆಲಿಕಾನ್ 4001 ಎಂಬ ಶ್ರೇಣಿ ತುಸು ಬಿಗಿಯಾಗಿ ಹರಿಯುವುದೆಂದು ಪ್ರಸಿದ್ಧವಾದುದು. ವಾಟರ್‌ಮನ್, ಪೈಲಟ್ ಇರೋಶಿಜುಕು ಮೊದಲಾದವು ಧಾರಾಳ. ಹಳೆಯ ಚಿನ್ನದ ನಿಬ್ಬು ತಾನೇ ಧಾರಾಳಿಯಾಗಿದ್ದರೆ ಬಿಗಿಯಾದ ಮಸಿ, ಮಸಿ ಸಾಲದೆ ತಡವರಿಸುವ ನಿಬ್ಬಾದರೆ ಧಾರಾಳದ ಮಸಿ, ಹೀಗೆ ಜೋಡಿಸಿಕೊಳ್ಳಬೇಕು. ಇದು ಎಲ್ಲ ನಿಯಮಗಳಿಗಿಂತ ಮೊದಲನೆಯದು.

ಇಲ್ಲಿ ಶಬ್ದವಿಚಾರವಾಗಿ ಒಂದೆರಡು ಮಾತು ಅಪ್ರಸ್ತುತವಾಗಲಾರದು. ನಮ್ಮ ‘ಮಸಿ’ ಎಂಬ ಶಬ್ದಕ್ಕೆ ಪಾತ್ರೆಯ ತಳಕ್ಕೆ ಹತ್ತುವ ಕರಿ ಎಂಬ ಅರ್ಥವೂ ಉಂಟು. ದೀಪದ ಹೊಗೆಯಿಂದ ಕೂಡಿಸಿದ ಕಾಡಿಗೆಯೇ ನಮ್ಮವರ ಮೊದಲ ಮಸಿಯೆಂಬುದನ್ನು ಈ ಒಂದು ಶಬ್ದವೇ ಹೇಳುತ್ತದೆ. ಉತ್ತರ ಕರ್ನಾಟಕದ ‘ಶಾಯಿ’ಯು ಪಾರಸಿಯ ‘ಸಿಯಾಹಿ’ಯಿಂದ ಬಂದುದು, ಅಲ್ಲಿಯೂ ಅರ್ಥವು ಕಪ್ಪೆಂದೇ. ಆದರೆ ‘ಇಂಕ್’ ಎಂಬುದರ ಮೂಲವು ಗ್ರೀಕ್ ಭಾಷೆಯಲ್ಲಿ ‘ಸುಟ್ಟು ಮೂಡಿಸಿದುದು’ ಎಂಬರ್ಥದ ಶಬ್ದ. ರೋಮಿನ ಸಾರ್ವಭೌಮರು ಸಹಿಗೆ ಬಳಸುತ್ತಿದ್ದ ನೇರಳೆಗೆಂಪು ದ್ರವಕ್ಕೆ ಅದು ಹೆಸರಾಗಿದ್ದಿತು. ಬಣ್ಣದ ವೈಭವವು ಆ ಶಬ್ದದೊಡನೆಯೇ ಹುಟ್ಟಿತೆನ್ನಬೇಕು.

ಕಾಡಿಗೆಯ ಗುಣವೇನೆಂದರೆ ಅದಕ್ಕೆ ಬಿಸಿಲಿನ ಭಯವಿಲ್ಲ, ನೀರಿನ ಭಯವೂ ಅಷ್ಟಾಗಿ ಇಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಕೊರೆದ ಗೀರಿಗೆ ಕಾಡಿಗೆಯನ್ನು ತಿಕ್ಕುವುದು ನಮ್ಮಲ್ಲಿ ನಡೆದುಬಂದ ಕ್ರಮ. ಫ. ಗು. ಹಳಕಟ್ಟಿಯವರು (1880–1964) ಊರೂರಿನ ಮನೆಗಳಿಂದಲೂ ಮಠಗಳಿಂದಲೂ ವಚನದ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದುದು ಸರ್ವವಿದಿತ. ಗೆದ್ದಲು ತಿಂದ ಗರಿ, ಮುರಿದ ಗರಿ ಅವರಂಥವರಿಗೆ ತೊಡಕನ್ನು ತಂದಿರಬಹುದು; ಉಳಿದ ಗರಿಯಲ್ಲಿ ಅಕ್ಷರದ ಬಣ್ಣ ಹಾರಿಹೋಗುವ ತೊಡಕು ಮಾತ್ರ ಇರಲಿಲ್ಲ. ಗೀರು ಉಳಿದಿದ್ದರೆ ಕಾಡಿಗೆಯನ್ನು ಮತ್ತೆ ತಿಕ್ಕಿ ಓದಬಹುದಾಗಿತ್ತು. ಈ ಸೌಲಭ್ಯವು ಕಾಗದದ ಬರಹಕ್ಕೆ ಇಲ್ಲ.

ಹಾಗಾದರೆ ಫೌಂಟನ್ ಪೆನ್ನಿಗೂ ಕಾಡಿಗೆಯ ಮಸಿಯನ್ನೇ ತುಂಬಬಾರದೇಕೆ? ಚಿತ್ರಕಾರರ ಕಪ್ಪು ಮಸಿಯಲ್ಲಿ ಅರಗು ಬೆರೆತಿರುವುದರಿಂದ ಅದು ಲೇಖನಿಯ ಒಳಗಾಲುವೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅದು ಅದ್ದುನಿಬ್ಬಿಗೆ ಮಾತ್ರ ಸಲ್ಲುವಂಥದು. ಫೌಂಟನ್ ಪೆನ್ನಿಗೆಂದೇ ಅತಿ ಸೂಕ್ಷ್ಮವಾದ ಕಣಗಳಿಂದ ಮಾಡಿದ ಕಾಡಿಗೆಯ ಮಸಿಯನ್ನು ಜಪಾನಿನ ಪ್ಲ್ಯಾಟಿನಂ, ಸೇಲರ್ ಸಂಸ್ಥೆಗಳು ಮಾಡುತ್ತವೆ; ಆದರೆ ಲೇಖನಿಯನ್ನು ದಿನವೂ ಬರೆಯುತ್ತ, ಆಗಾಗ ತೊಳೆಯುತ್ತ ಇರುವವರಿಗಷ್ಟೇ ಅವು ಹಿತ. (ಅಳಿಸಲಾಗದ ಮಸಿಯೆಂದೊಡನೆ ಕೆಲವರು ಮೈಸೂರಿನಲ್ಲಿ ತಯಾರಾಗುವ, 1962ರಿಂದ ಚುನಾವಣೆಗಳಲ್ಲಿ ಬೆರಳಿಗೆ ಹಚ್ಚುವ ಮಸಿಯನ್ನು ನೆನೆಯುತ್ತಾರೆ. ಅದು ಬೆಳ್ಳಿಯ ನೈಟ್ರೇಟಿನಿಂದ ಚರ್ಮವನ್ನು ಕಪ್ಪಾಗಿಸುವ ಪದಾರ್ಥ, ಲೇಖನಿಗೆ ತುಂಬತಕ್ಕುದಲ್ಲ.)

ಬಳುಕುವ ನಿಬ್ಬಿಗೆ ಸಹಜವಾದ ಒಡನಾಡಿಯೆಂದರೆ ಕಬ್ಬಿಣದ ಮಸಿ. ಮಾಚಿಕಾಯಿಯ ಒಗರು, ಅನ್ನಭೇದಿ, ಗೋಂದು, ನೀರು, ಇಷ್ಟೇ ಅದರ ಸಾಮಗ್ರಿ. ಅಳಲೆಕಾಯಿಯಲ್ಲಿಯೂ ಇದೇ ಒಗರು ಹೇರಳವಾಗಿರುವುದರಿಂದ ಈ ಪ್ರಯೋಗವನ್ನು ಶಾಲೆಯ ವಿಜ್ಞಾನದ ಮೇಷ್ಟ್ರು ಅರ್ಧ ಗಂಟೆಯಲ್ಲಿ ಮಾಡಿ ತೋರಿಸಬಹುದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯ ನೀರನ್ನು ಬೆರೆಸಿದೊಡನೆ ಅದು ಕಪ್ಪಿಗೆ ತಿರುಗುತ್ತದೆ. ಅಂಗಡಿಯ ಮಸಿಯಲ್ಲಿ ತುಸು ಆಮ್ಲವಿರುವುದರಿಂದ ಈ ಬದಲಾವಣೆಯು ಸೀಸೆಯಲ್ಲಿ ತಡೆಹಿಡಿದಂತಿದ್ದು, ಕಾಗದದ ಮೇಲೆ ಗಾಳಿ ತಾಗಿದ ಮೇಲೆ ನಡೆಯುತ್ತದೆ. ಬರೆಯುವಾಗ ಪೇಲವವಾದ ನೀಲಿ, ನಿಮಿಷಗಳು ಕಳೆದಂತೆ ಗಾಢ, ದಿನಗಳು ಕಳೆದಂತೆ ಕರಿ. ಬರೆಯುವಾಗ ಕಣ್ಣಿಗೆ ಕಾಣಲೆಂದೇ ಅದರಲ್ಲಿ ನೀಲಿ ಬಣ್ಣವನ್ನು ಕೂಡಿಸಿರುತ್ತಾರೆ. ‘ನೀಲಿಗಪ್ಪು’ ಎಂಬ ಹೆಸರು ಇದರಿಂದ ಬಂದುದು. ಇಂದು ಆ ಹೆಸರಿನ ಎಲ್ಲ ಸೀಸೆಗಳಲ್ಲಿಯೂ ಕಬ್ಬಿಣವಿರುವುದಿಲ್ಲವೆಂಬುದನ್ನು ಕೊಳ್ಳುವವರು ನೆನಪಿಡಬೇಕು.

ಈ ಮಸಿಯ ಗೆರೆಗೆ ಅಂಚು ಹರಿತ. ಕಾಗದದಲ್ಲಿ ಹರಡದೆ ನಿಲ್ಲುವುದರಿಂದ ತೆಳುಗೆರೆ ತೆಳುವಾಗಿಯೇ ಉಳಿದು, ದಪ್ಪಗೆರೆ ಅದರ ಪಕ್ಕದಲ್ಲಿ ಎದ್ದು ತೋರುತ್ತದೆ. ನೀರು ಬಿದ್ದರೂ ಬರಹ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಜನನ ವಿವಾಹ ಮರಣಗಳ ದಾಖಲೆಗಳನ್ನು ಬಹುಕಾಲ ಇದೇ ಜಾತಿಯ ಮಸಿಯಿಂದ ಬರೆಯುತ್ತಿದ್ದರು. ಡಯಮೈನ್ ಸಂಸ್ಥೆಯ ‘ರಿಜಿಸ್ಟ್ರಾರ್ಸ್’ ಎಂಬುದು ಆ ಪರಂಪರೆಯದು. ಜರ್ಮನಿಯ ರೋರರ್ ಆ್ಯಂಡ್ ಕ್ಲಿಂಗ್ನರ್ ಸಂಸ್ಥೆಯ ಸಾಲಿಕ್ಸ್ ಎಂಬುದೂ ಇದೇ ಜಾತಿಯದೇ, ಕೊಂಚ ಸೌಮ್ಯ. ದೋಷವಿಲ್ಲದ ವಸ್ತು ಯಾವುದೂ ಇಲ್ಲ. ಇದರ ಆಮ್ಲವು ಉಕ್ಕಿನ ನಿಬ್ಬನ್ನು ಕಾಲಕ್ರಮದಲ್ಲಿ ತಿನ್ನುತ್ತದೆ, ಚಿನ್ನವನ್ನು ಮುಟ್ಟದು. ಹಳೆಯ ಕಾಲದಲ್ಲಿ ಅನ್ನಭೇದಿಯ ಪ್ರಮಾಣ ಮೀರಿದಾಗ ಮಸಿಯು ಕಾಗದವನ್ನೇ ತಿಂದ ನಿದರ್ಶನಗಳು ಯುರೋಪಿನಲ್ಲಿ ಹೇರಳ. ಸಂಗೀತಗಾರ ಬಾಖ್‌ನ ಹಸ್ತಪ್ರತಿಗಳೂ ಈ ಪೀಡೆಗೆ ಸಿಲುಕಿದುವು. ಇಂದು ಫೌಂಟನ್ ಪೆನ್ನಿಗೆಂದು ಮಾಡುವ ಮಸಿಯಲ್ಲಿ ಕಬ್ಬಿಣದ ಪ್ರಮಾಣ ಮಿತವಾದುದು.

ಇನ್ನುಳಿದುವು ಬಣ್ಣದ ಮಸಿಗಳು. ಇವುಗಳಲ್ಲಿ ಕೆಲವಕ್ಕೆ ಒಂದು ವಿಶೇಷ ಗುಣವುಂಟು. ತೆಳುವಾಗಿ ನಿಂತಲ್ಲಿ ಒಂದು ಛಾಯೆ, ಮಡುಗಟ್ಟಿ ನಿಂತಲ್ಲಿ ಇನ್ನೊಂದು ಛಾಯೆ. ಅಮೆರಿಕೆಯ ನೂಡ್ಲರ್ಸ್ ಸಂಸ್ಥೆಯ ‘ಅಪಾಚಿ ಸನ್‌ಸೆಟ್’ ಎಂಬುದು ಏರುಗೆರೆಯಲ್ಲಿ ಹಳದಿಯಾಗಿ, ಇಳಿಗೆರೆಯಲ್ಲಿ ಕಾವಿಯಾಗಿ ತೋರುವುದನ್ನು ನೋಡಿದರೆ ಒಂದೇ ಸೀಸೆಯಿಂದ ಬಂದ ಬಣ್ಣವೆಂದು ನಂಬಲಾಗದು. ಬಳುಕುವ ನಿಬ್ಬಿನ ರಸಿಕರು ಇಂಥ ಮಸಿಯನ್ನು ಮೆಚ್ಚುವುದು ನ್ಯಾಯವೇ. ಫ್ರಾನ್ಸಿನ ಎರ್ಬಾನ್ ಸಂಸ್ಥೆಯ ಕೆಲವು ಮಸಿಗಳಲ್ಲಿ ಚಿನ್ನದ ಹುಡಿಯಂಥ ಮಿನುಗನ್ನೂ ಬೆರೆಸಿರುತ್ತಾರೆ; ಬಳುಕುವ ನಿಬ್ಬಿನ ಸೀಳಿಗೆ ಅದು ಶತ್ರು. 1934ರಲ್ಲಿ ಸ್ವದೇಶಿಯ ಪ್ರೇರಣೆಯಿಂದ ವಂಗದೇಶದಲ್ಲಿ ಹುಟ್ಟಿ, ನಡುವೆ ನಿಂತುಹೋಗಿ, 2020ರಲ್ಲಿ ಮರಳಿ ಪ್ರಾರಂಭವಾದ ಸುಲೇಖಾ ಮಸಿಯೂ, ಕೇರಳದ ಕೃಷ್ಣಾ ಮಸಿಗಳೂ ನಮ್ಮ ದೇಶದಲ್ಲಿಯೇ ದೊರೆಯುವ ಅಗ್ಗದ ಬಣ್ಣಗಳು. ಆದರೆ ತೊಳೆದರೆ ಹೋಗುವ ನೀಲಿಯೆಂದು ಸೀಸೆಯ ಮೇಲೆಯೇ ಬರೆದಿರುವ ಮಸಿಯಿಂದ ದಾಖಲೆಯನ್ನು ಬರೆಯುವವರಿಗೆ ಏನೆನ್ನೋಣ! ಅಂಗಿಯ ಮೇಲಿನ ಕಲೆ ಹೋಗಲೆಂದು ಮಾಡಿದ ಮಸಿಯು ಪುಸ್ತಕದ ಮೇಲಿನ ಹೆಸರನ್ನೂ ಉಳಿಸದು.

ಇಷ್ಟರವರೆಗೆ ಹೇಳಿದುದು ರೋಮನ್ ಲಿಪಿಯವರ ಅನುಭವಕ್ಕೆ ಸಲ್ಲುವ ಮಾತು. ಕನ್ನಡವನ್ನು ಬರೆಯುವವರು ಇದನ್ನು ಇದ್ದಂತೆಯೇ ಸ್ವೀಕರಿಸಲಾಗದು. ಅವರ ಅಕ್ಷರವು ಬಲಕ್ಕೆ ವಾಲಿದ ಇಳಿಗೆರೆಗಳ ಸಾಲು. ನಮ್ಮದು ಸುತ್ತುಗಳ ಸಾಲು. ಕಂಟದಿಂದ ಕೊರೆದಾಗ ಗೆರೆಯು ಎಲ್ಲೆಡೆಯೂ ಒಂದೇ ಗಾತ್ರ. ಆ ಸಮರೇಖೆಯೇ ನಮ್ಮ ಕೈಗೆ ಅಭ್ಯಾಸವಾಗಿದೆ. ಬಳುಕುವ ನಿಬ್ಬನ್ನು ಮೇಲಕ್ಕೂ ಎಡಕ್ಕೂ ಒತ್ತಿ ತಳ್ಳಿದರೆ ಅದು ಕಾಗದಕ್ಕೆ ಚುಚ್ಚಿಕೊಂಡು ಮಸಿಯನ್ನು ಸಿಡಿಸುತ್ತದೆ. ಆದುದರಿಂದ ವರ್ತುಳದ ಯಾವ ಪಕ್ಕದಲ್ಲಿ ಲೇಖನಿಯು ಕೆಳಗಿಳಿಯುವುದೋ ಅಲ್ಲಿ ಮಾತ್ರ ಮೆಲ್ಲನೆ ಒತ್ತಿ, ಉಳಿದೆಡೆ ಕೈಯನ್ನು ತೇಲಿಸಬೇಕು. ತಲೆಕಟ್ಟನ್ನು ಎಂದಿಗೂ ಒತ್ತಬಾರದು.

ಇದಕ್ಕಿಂತ ಮುಖ್ಯವಾದುದು ಅಕ್ಷರದ ಒಳಗಿನ ಬಯಲು. ನಮ್ಮ ಮಹಾಪ್ರಾಣದ ಚಿಹ್ನೆ ಒಂದು ಪುಟ್ಟ ಗೀಟು, ‘ಥ’ಕಾರಕ್ಕೆ ಹೊಟ್ಟೆಯಲ್ಲೊಂದು ಚುಕ್ಕೆ, ಒತ್ತಕ್ಷರಗಳಲ್ಲಿ ಸಾಸಿವೆಯಷ್ಟು ಕಣ್ಣುಗಳು. ಧಾರಾಳದ ಮಸಿಯು ಇವನ್ನೆಲ್ಲ ಮುಚ್ಚಿಬಿಡುತ್ತದೆ. ದಾನಿಗಳ ಪಟ್ಟಿಯಲ್ಲಿ ‘ಧನ’ವೆಂದು ಬರೆದುದು ಮಸಿ ಹರಡಿ ‘ದನ’ವಾದರೆ, ಹಣ ಕೊಟ್ಟವರು ಕೊಟ್ಟಿಗೆಯನ್ನು ಕೊಟ್ಟಂತಾಗುತ್ತದೆ! ನಗೆಯ ಮಾತು ಹಾಗಿರಲಿ. ‘ಸ್ತ್ರೀ’, ‘ಜ್ಞಾನ’, ‘ಲಕ್ಷ್ಮಿ’ ಎಂಬ ಮೂರು ಶಬ್ದಗಳನ್ನು ಸಣ್ಣದಾಗಿ ಬರೆದು ನೋಡಿದರೆ ಯಾವ ಮಸಿಯು ಕನ್ನಡಕ್ಕೆ ಒಗ್ಗುವುದೆಂದು ತಿಳಿಯುತ್ತದೆ. ಛಾಯೆಯ ಮಸಿ ರೋಮನ್ ಬರಹಕ್ಕೆ ಭೂಷಣವಾದರೂ ಕನ್ನಡದಲ್ಲಿ ದೊಡ್ಡ ಗಾತ್ರದ ಶೀರ್ಷಿಕೆಗೆ ಮಾತ್ರ ಸಲ್ಲುತ್ತದೆ; ಒಳಬರಹಕ್ಕೆ ಕಬ್ಬಿಣದ ಮಸಿ, ಅದಿಲ್ಲದಿದ್ದರೆ ಬಿಗಿಯಾಗಿ ಹರಿಯುವ ಕರಿಯ ಮಸಿ, ಇದೇ ನನ್ನ ಅಭಿಪ್ರಾಯ.

ಕಾಗದದ ವಿಷಯವನ್ನು ಬಹಳ ಬೆಳೆಸಬೇಕಾಗಿಲ್ಲ. ಅಂಟು ಸಾಲದ ಒರಟು ಕಾಗದದಲ್ಲಿ ಎಂಥ ಮಸಿಯೂ ಬೇರುಬಿಟ್ಟಂತೆ ಹರಡುತ್ತದೆ. ಪ್ರಶಸ್ತಿಪತ್ರಗಳನ್ನು ಅಚ್ಚು ಹಾಕಿಸುವ ಮೊದಲೇ ಆ ಕಾಗದದ ತುಂಡೊಂದರ ಮೇಲೆ ಬರೆದು ನೋಡುವುದು ಲೇಸು. ಹೊಳಪಿನ ಲೇಪವುಳ್ಳ ಕಾಗದವು ಮಸಿಯನ್ನು ಕುಡಿಯದು, ಒಣಗುವ ಮುನ್ನವೇ ಕೈಗೆ ಹತ್ತುತ್ತದೆ. ದಪ್ಪಗೆರೆಯಲ್ಲಿ ಮಸಿ ಹೆಚ್ಚು ನಿಲ್ಲುವುದರಿಂದ ಆರಲು ಬಿಡಬೇಕು. ಹೀರುಕಾಗದವನ್ನು ಒತ್ತಿದರೆ ಛಾಯೆಯೂ ಹೋಗುತ್ತದೆ, ಕಬ್ಬಿಣದ ಮಸಿಯಾದರೆ ಗಾಢವಾಗಬೇಕಾದ ಅಂಶವೇ ಹೀರಿಹೋಗುತ್ತದೆ.

ಮಸಿಯನ್ನು ಪರೀಕ್ಷಿಸುವ ಬಗೆ ಸುಲಭ. ದಾಖಲೆಗೆ ಬಳಸಬೇಕೆಂದಿರುವ ಕಾಗದದ ಮೇಲೆ ಪ್ರತಿಯೊಂದು ಮಸಿಯಿಂದಲೂ ಒಂದೊಂದು ಸಾಲನ್ನು ಬರೆದು, ಅರ್ಧವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಬೇಸಗೆಯ ಎರಡು ತಿಂಗಳು ಇಡಬೇಕು. ಅನಂತರ ರಟ್ಟನ್ನು ತೆಗೆದು, ಎರಡು ಭಾಗಗಳ ಮೇಲೂ ಒಂದೊಂದು ಹನಿ ನೀರನ್ನು ಬಿಟ್ಟು ನೋಡಬೇಕು. ಕಬ್ಬಿಣದ ಮಸಿಯನ್ನು ತುಂಬಿದ ಲೇಖನಿಯನ್ನು ಎರಡು ಮೂರು ವಾರಗಳಿಗೊಮ್ಮೆ ತಣ್ಣೀರಿನಿಂದ ತೊಳೆಯತಕ್ಕದ್ದು, ಬೇರೆ ಮಸಿಯೊಡನೆ ಬೆರೆಸಕೂಡದು. ಆರಿಸಿದ ಮಸಿಯ ಹೆಸರನ್ನೂ ಕೊಂಡ ವರ್ಷವನ್ನೂ ದಾಖಲೆ ಪುಸ್ತಕದ ಮೊದಲ ಹಾಳೆಯ ಒಳಬದಿಯಲ್ಲಿ ಅದೇ ಮಸಿಯಿಂದ ಬರೆದಿಟ್ಟರೆ, ಸೀಸೆ ಮುಗಿದಾಗ ಮುಂದಿನ ಗುಮಾಸ್ತರು ಅಂಗಡಿಯವನು ಕೊಟ್ಟುದನ್ನು ತರದೆ ಅದನ್ನೇ ಕೇಳಿ ತರಿಸಬಹುದು.